ತೂಕದ ಕಲ್ಲು

ನಮ್ಮ ಗ್ರಿಮ್ಸ್‌ಬಿಯಲ್ಲಿ ಮೈಯನ್ನು ಕಲ್ಲಿನಲ್ಲಿ ಎಣಿಸುತ್ತಾರೆ.
ಒಂದು ಕಲ್ಲೆಂದರೆ ಹದಿನಾಲ್ಕು ಪೌಂಡು.
ನಾನು ಹದಿನಾರು ಕಲ್ಲು, ಮೇಲೆ ನಾಲ್ಕು ಪೌಂಡು ಕೊಸರು.

ಟೈರಂಗಡಿಯ ಮಹಡಿಯ ಜಿಮ್ಮಿನಲ್ಲಿ
ಜನವರಿಯ ಮೊದಲ ಸೋಮವಾರ, ನಸುಕಿನ ಐದೂವರೆಗೆ
ಕರಿಹಲಗೆಯ ಮೇಲೆ ಹನ್ನೊಂದು ಹೆಸರು ಬರೆದರು.
ಹನ್ನೆರಡು ವಾರದ ಪಂದ್ಯ. ಹೆಚ್ಚು ಇಳಿದವರಿಗೆ
ವರ್ಷದ ಚಂದಾ ಮಾಫಿ, ಜೊತೆಗೊಂದು ಹಬೆಪಾತ್ರೆ.
ಒಂಬತ್ತನೆಯ ಹೆಸರು ನನ್ನದು:
ಗ್ಲೆನಿಸ್, ಮೀನು ಕಾರ್ಖಾನೆ, ರಾತ್ರಿಪಾಳಿ.
ನನ್ನ ಕೆಳಗೇ ಥ್ಯಾರಟ್, ಅಂಚೆಯವನು.

ಮೊದಲ ತೂಕಕ್ಕೆ ನಾನೇನು ಸುಮ್ಮನೆ ಹೋದೆನೆ?
ಒಂದು ಕೆಟಲು ಚಹಾ ಕುಡಿದು ಹೋದೆ,
ಒಳಗೆ ಎರಡು ಸ್ವೆಟರು, ಬೂಟು ಬಿಚ್ಚಲಿಲ್ಲ.
ಭಾರವಾಗಿ ಹೊರಟರೆ ತಾನೇ
ಹಗುರಾಗಿ ಮುಟ್ಟುವುದು.

ಡಾಕ್ಟರು ಆರು ವರ್ಷದಿಂದ ಹೇಳುತ್ತಿದ್ದರು.
ಮೊಣಕಾಲು ಅದಕ್ಕೂ ಮೊದಲೇ ಹೇಳಿತ್ತು.
ಅಕ್ಕ ಹೇಳಿದ್ದಳು, ಪ್ರೀತಿಯಿಂದ,
ಅಂದರೆ ಎಲ್ಲರೆದುರು.
ಯಾರ ಮಾತಿಗೂ ಏಳದವಳು
ಎರಡನೆಯ ಸೋಮವಾರ
ಥ್ಯಾರಟ್ಟನ ಮುಂದೆ ಸೀಮೆಸುಣ್ಣ ‘ಮೂರು’ ಎಂದು ಕಿರುಗುಟ್ಟಿದಾಗ
ಎದ್ದೆ.
ನನ್ನ ಮುಂದೆ ಎರಡು ಇತ್ತು.
ಎರಡೂ ಚಹಾ ಎಂದು ನನಗೊಬ್ಬಳಿಗೇ ಗೊತ್ತು.

ಪಾಳಿ ಮುಗಿಯುವುದು ಐದಕ್ಕೆ. ನೇರ ಅಲ್ಲಿಗೇ.
ಬೆರಳ ಸಂದಿನಲ್ಲಿ ಕಾಡ್ ಮೀನಿನ ವಾಸನೆ;
ನಾನು ಟ್ರೆಡ್‌ಮಿಲ್ ಹತ್ತಿದರೆ ಪಕ್ಕದ ಹುಡುಗ
ಮೆಲ್ಲಗೆ ಒಂದು ಯಂತ್ರ ಆಚೆ ಸರಿಯುತ್ತಾನೆ.
ಸರಿಯಲಿ.
ನನ್ನ ಕಣ್ಣೆಲ್ಲ ಎದುರಿನ ಕನ್ನಡಿಯಲ್ಲಿ,
ಅಲ್ಲಿ ಥ್ಯಾರಟ್ಟನ ಅಂಗಿಯ ಬೆನ್ನು
ಎಷ್ಟು ನೆನೆದಿದೆ ಎಂಬುದರಲ್ಲಿ.

ಬೆವರಿದ್ದು ಓಟಕ್ಕೆ, ಕರಗಿದ್ದು ಹೊಟ್ಟೆಕಿಚ್ಚಿಗೆ.
ಹೊಟ್ಟೆಯಲ್ಲೇ ಹತ್ತಿಕೊಂಡ ಕಿಚ್ಚು
ಅಲ್ಲಿಯ ಕೊಬ್ಬನ್ನು ಬಿಟ್ಟು
ಮತ್ತೇನನ್ನು ಸುಟ್ಟೀತು?

ಐದನೆಯ ವಾರ ಚಿಪ್ಸ್ ಅಂಗಡಿಯೆದುರು ನಿಂತೆ.
ಗಾಜಿನ ಮೇಲೆ ವಿನಿಗರಿನ ಆವಿ,
ಆವಿಯೊಳಗೆ ನನ್ನ ಮುಖ,
ನನ್ನ ಮುಖದ ಹಿಂದೆ ಥ್ಯಾರಟ್ಟನದು.
ಅವನೂ ಮೂಗಿನಿಂದಲೇ ಉಣ್ಣುತ್ತಿದ್ದ.
ಮೋಡದ ಮಾತಾಡಿದೆವು, ಬಂದರಿನ ಗಾಳಿಯ ಮಾತಾಡಿದೆವು.
ಒಬ್ಬರು ಹೊರಡದೆ ಇನ್ನೊಬ್ಬರು ಹೊರಡಲಿಲ್ಲ.
ಕೊನೆಗೆ ಅಂಗಡಿಯವನೇ ದೀಪ ಆರಿಸಿದ.

ಏಳನೆಯ ವಾರ ಸೊನ್ನೆ.
ಎಂಟನೆಯ ವಾರವೂ ಸೊನ್ನೆ.
ಬಾಯಿ ಕಟ್ಟಿದ್ದೆ, ಬ್ರೆಡ್ಡಿನ ಡಬ್ಬಿ ಅಟ್ಟಕ್ಕೇರಿಸಿದ್ದೆ,
ಆದರೂ ಮುಳ್ಳು ನನ್ನನ್ನೇ ದಿಟ್ಟಿಸುತ್ತ ನಿಂತಲ್ಲೇ ನಿಂತಿತ್ತು.
ಸಾಕೆನಿಸಿತು. ಮಂಗಳವಾರ ಹೋಗಲಿಲ್ಲ. ಬುಧವಾರವೂ.
ಗುರುವಾರ ಬಾಗಿಲ ಸೀಳಿನಿಂದ ವಿದ್ಯುತ್ ಬಿಲ್ಲಿನ ಜೊತೆ
ಚೀಟಿಯೊಂದು ಬಿತ್ತು. ಅಂಟಿಸಿದ ಸ್ಟಾಂಪಿಲ್ಲ:
‘ಇನ್ನೊಂದು ಪೌಂಡು ಇಳಿದೆ. ನೀನು?’
ಎಂಥ ಕೊಬ್ಬು ಅವನಿಗೆ!
ಶುಕ್ರವಾರ ಅವನಿಗಿಂತ ಮೊದಲೇ ಹೋಗಿ
ಬೀಗ ತೆಗೆಯುವವನಿಗೆ ಕಾದು ನಿಂತಿದ್ದೆ.

ಅವತ್ತು ಚಾಪೆಯ ಮೇಲೆ, ಉಸಿರು ಸಿಗದೆ ಕೂತಿದ್ದಾಗ,
ಅವನು ಜೇಬಿನಿಂದ ಏನೋ ತೆಗೆದು ನನ್ನೆದುರು ಇಟ್ಟ.
ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳು.
‘ಮೊದಲ ದಿನ ಎರಡೂ ಜೇಬಿನಲ್ಲಿದ್ದವು’ ಎಂದ.
‘ಆ ಮೂರು ಪೌಂಡು ಇಳಿದದ್ದು ನನ್ನಿಂದಲ್ಲ,
ಪ್ಯಾಂಟಿನಿಂದ.’
ನಾನು ಕೆಟಲಿನ ಕತೆ ಹೇಳಿದೆ. ಸ್ವೆಟರಿನದು. ಬೂಟಿನದು.
ಅವತ್ತು ಹೊಟ್ಟೆಯ ವ್ಯಾಯಾಮ ಬೇರೆ ಬೇಕಾಗಲಿಲ್ಲ.
ಒಂದೂ ಹೆಜ್ಜೆ ನಡೆಯದ ಮೂರು ಪೌಂಡು ಸೀಸ
ನನ್ನನ್ನು ಎರಡು ತಿಂಗಳು ಓಡಿಸಿತ್ತು.

ಗೆದ್ದದ್ದು ಐವಿ ಬ್ರಾಕಲ್ಸ್‌ಬಿ, ಎಪ್ಪತ್ತೊಂದರ ಮುದುಕಿ.
ಹಲಗೆಯನ್ನೊಮ್ಮೆಯೂ ನೋಡದೆ
ಸೈಕಲ್ ತುಳಿಯುತ್ತಲೇ ಕಾಲುಚೀಲ ಹೆಣೆದವಳು.
ಹಬೆಪಾತ್ರೆ ಮನೆಯಲ್ಲಿ ಎರಡಿವೆ ಎಂದಳು.
ಆದರೂ ಒಯ್ದಳು.

ನಾನು ಇಳಿದದ್ದು ಒಂದು ಕಲ್ಲು, ಐದು ಪೌಂಡು.
ಚಹಾ ಕಳೆದು ಲೆಕ್ಕ ಹಾಕಿಕೊಳ್ಳಿ.

ಮುಂದಿನ ಸೋಮವಾರ ಹಲಗೆ ಒರೆಸಿತ್ತು.
ಬರೆಯುವವರಿಲ್ಲ, ನೋಡುವವರಿಲ್ಲ.
ಟ್ರೆಡ್‌ಮಿಲ್ಲಿನ ಪಟ್ಟಿ ಅವತ್ತು ಬಹಳ ಉದ್ದವಿತ್ತು.
ಏಕೆ ಬಂದೆ ಎಂದು ಮೊಣಕಾಲೂ ಕೇಳಿತು.
ಬಾಗಿಲು ಕಿರ್ರೆಂದಿತು. ಥ್ಯಾರಟ್.
ತೂಕದ ಯಂತ್ರದತ್ತ ನಡೆದವನನ್ನು ತಡೆದೆ:
‘ಮೊದಲು ಜೇಬು ತೋರಿಸು.’
ಅವನು ನನ್ನ ಪಾದಗಳತ್ತ ನೋಡಿದ:
‘ಮೊದಲು ನೀನು ಬೂಟು ಬಿಚ್ಚು.’